ಸಾಂತಾ ಯೇಸುವಿಗೆ ಏನಾಗಬೇಕು? ಕ್ರಿಸ್‌ಮಸ್ ಹಬ್ಬದ ಒಳಗಿನ ಕತೆ

ಹೋದ ಡಿಸೆಂಬರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮ ಇಟ್ಟಿದ್ದರು. ಹತ್ತಡಿ ಪ್ಲಾಸ್ಟಿಕ್ ಮರ, ಅದಕ್ಕೆ ಸುತ್ತಿದ ಸೀರಿಯಲ್ ಸೆಟ್, ಬುಡದಲ್ಲಿ ಹತ್ತಿಯ ಹಿಮ, ಥರ್ಮಾಕೋಲಿನ ಜಿಂಕೆ. ಕೆಂಪು ಬಟ್ಟೆ ಹಾಕಿಕೊಂಡು ಒಳಗೊಳಗೇ ಬೆವರುತ್ತಿದ್ದ ಸಾಂತಾ ಕೂಡ ಇದ್ದ. ಮಕ್ಕಳಿಗೆ ಚಾಕೊಲೇಟ್, ದೊಡ್ಡವರಿಗೆ ಕೇಕ್. ಚೆನ್ನಾಗಿಯೇ ಇತ್ತು. ಪಕ್ಕದ ಮನೆಯ ಎರಡನೇ ಕ್ಲಾಸಿನ ಹುಡುಗಿ ಕೈಯಲ್ಲಿ ಕೇಕ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ನೀವು ಚರ್ಚಿಗೆ ಹೋಗ್ತೀರಲ್ವಾ ಅಂಕಲ್, ಸಾಂತಾ ಯೇಸುಗೆ ಏನಾಗ್ಬೇಕು? ತಾತನಾ?"

ನಗು ಬಂತು. ಆದರೆ ಅವಳ ಲೆಕ್ಕ ತಪ್ಪೇನಲ್ಲ. ಮಗು ಹುಟ್ಟಿದ ಹಬ್ಬ ಅಂತ ಹೇಳಿದ್ದಾರೆ. ನೋಡಿದರೆ ಮಗು ಕಾಣುತ್ತಿಲ್ಲ, ಬಿಳಿ ಗಡ್ಡದ ಮುದುಕ ಓಡಾಡುತ್ತಿದ್ದಾನೆ. ತಾತನೇ ಇರಬೇಕು! ಕಮಿಟಿಯವರನ್ನು ಸುಮ್ನೆ ಕೇಳಿದೆ, ಗೋದಲಿ, ಅಂದರೆ ಮಗು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರ, ಇಡಲಿಲ್ವಾ ಅಂತ. "ಮರ ನಿಲ್ಲಿಸಿದ ಮೇಲೆ ಜಾಗ ಆಗ್ಲಿಲ್ಲ ಸಾರ್" ಎಂದರು.

ನಮ್ಮ ಕಡೆ ಒಂದು ಮಾತಿದೆ, ಜಾತ್ರೆಗೆ ಹೋದವನು ತೇರು ನೋಡದೆ ಬೆಂಡು ಬತ್ತಾಸು ತಂದ ಅಂತ. ಬೆಂಡು ಬತ್ತಾಸು ಕೆಟ್ಟದ್ದಲ್ಲ, ಅದಿಲ್ಲದ ಜಾತ್ರೆ ಯಾರಿಗೆ ಬೇಕು? ಆದರೆ ತೇರು ಯಾವುದು ಅಂತ ಗೊತ್ತಿರಬೇಕಲ್ಲ. ಪ್ರತಿ ಡಿಸೆಂಬರಿನಲ್ಲೂ ಚರ್ಚುಗಳಲ್ಲಿ "ಕ್ರಿಸ್‌ಮಸ್ಸಿನಲ್ಲಿ ಕ್ರಿಸ್ತ ಇರಲಿ" ಎನ್ನುವ ಮಾತು ಕೇಳಿಬರುತ್ತದೆ. ಹೊರಗಿನವರಿಗೆ, ಎಷ್ಟೋ ಸಲ ಒಳಗಿನವರಿಗೂ, ಹಾಗಂದರೆ ಏನು ಅಂತ ಸರಿಯಾಗಿ ಗೊತ್ತಿರುವುದಿಲ್ಲ. ಹುಡುಗಿಗೆ ಅವತ್ತು ಅರ್ಧ ಉತ್ತರ ಕೊಟ್ಟೆ. ಉಳಿದರ್ಧ ಇಲ್ಲಿದೆ.

ಹೆಸರಿನಿಂದಲೇ ಶುರು ಮಾಡೋಣ

ಕ್ರಿಸ್‌ಮಸ್ ಎನ್ನುವುದು ಹಳೆಯ ಇಂಗ್ಲಿಷಿನ ಎರಡು ಪದ ಸೇರಿ ಆದದ್ದು. ಕ್ರಿಸ್ತ ಮತ್ತು ಮಾಸ್. ಮಾಸ್ ಅಂದರೆ ಚರ್ಚಿನಲ್ಲಿ ನಡೆಯುವ ಪೂಜೆ, ಕನ್ನಡ ಕ್ಯಾಥೊಲಿಕರು ಬಲಿಪೂಜೆ ಎನ್ನುತ್ತಾರೆ. ಅಂದರೆ 'ಕ್ರಿಸ್ತನ ಪೂಜೆ'. ಕನ್ನಡದಲ್ಲಿ ಕ್ರಿಸ್ತಜಯಂತಿ ಎಂಬ ಹೆಸರೂ ಇದೆ, ಅದನ್ನಂತೂ ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಕ್ರಿಸ್ತ ಎನ್ನುವುದು ಯೇಸುವಿನ ಮನೆತನದ ಹೆಸರಲ್ಲ, ಬಿರುದು. ಗ್ರೀಕಿನಲ್ಲಿ 'ಕ್ರಿಸ್ತೋಸ್', ಹೀಬ್ರೂ ಭಾಷೆಯಲ್ಲಿ 'ಮೆಸ್ಸೀಯ'. ಎರಡಕ್ಕೂ ಒಂದೇ ಅರ್ಥ, ಎಣ್ಣೆಯಿಂದ ಅಭಿಷೇಕ ಆದವನು. ಯೆಹೂದಿಗಳಲ್ಲಿ ರಾಜನಿಗೆ ತಲೆಯ ಮೇಲೆ ಎಣ್ಣೆ ಸುರಿದು ಪಟ್ಟ ಕಟ್ಟುತ್ತಿದ್ದರು. ದೇವರೇ ಕಳಿಸುವ ಅಂಥ ಒಬ್ಬ ರಾಜ ಬರುತ್ತಾನೆ ಎಂದು ತಲೆಮಾರುಗಟ್ಟಲೆ ಕಾದಿದ್ದರು. ಆ ಬರಬೇಕಾದವನು ಯೇಸುವೇ ಎಂದು ನಂಬಿದವರು ಕ್ರೈಸ್ತರು.

ಇನ್ನೊಂದು ಸಣ್ಣ ವಿಷಯ. ಅಂಗಡಿ ಬೋರ್ಡುಗಳಲ್ಲಿ 'ಎಕ್ಸ್‌ಮಸ್' ಎಂದು ಬರೆದಿದ್ದರೆ ಕ್ರಿಸ್ತನನ್ನು ಅಳಿಸಿಹಾಕಿದರು ಎಂದು ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಪಾಪ, ಅದು ಇಂಗ್ಲಿಷಿನ ಎಕ್ಸ್ ಅಲ್ಲ. ಕ್ರಿಸ್ತೋಸ್ ಪದದ ಮೊದಲ ಗ್ರೀಕ್ ಅಕ್ಷರ ನೋಡಲು ಹಾಗೇ ಇರುತ್ತದೆ. ಹಿಂದೆ ಕೈಯಲ್ಲಿ ಗ್ರಂಥ ಬರೆಯುತ್ತಿದ್ದವರು ಕ್ರಿಸ್ತನ ಹೆಸರನ್ನು ಚಿಕ್ಕದಾಗಿ ಬರೆಯಲು ಬಳಸುತ್ತಿದ್ದ ಗುರುತು ಅದು.

ಏನಾಯಿತು ಎಂದು ನಂಬುತ್ತಾರೆ?

ಎಲ್ಲಾ ಅಲಂಕಾರ ತೆಗೆದುಬಿಟ್ಟರೆ ಉಳಿಯುವುದು ಒಂದೇ ಮಾತು: ದೇವರು ಮನುಷ್ಯನಾಗಿ ಹುಟ್ಟಿದ.

ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಊರು ನೆನೆಸಿಕೊಳ್ಳಿ. ಕುಡಿಯುವ ನೀರಿಗೆ ತೊಂದರೆ. ಊರಿನವರು ಅರ್ಜಿ ಬರೆಯುತ್ತಾರೆ, ಮೇಲಿನಿಂದ ಉತ್ತರ ಬರುತ್ತದೆ. ಮತ್ತೆ ಬರೆಯುತ್ತಾರೆ, ಈ ಸಲ ಸಾಹೇಬರು ಯಾರನ್ನೋ ಕಳಿಸುತ್ತಾರೆ. ಒಂದು ದಿನ ಸಾಹೇಬರೇ ಜೀಪಿನಲ್ಲಿ ಬಂದು ನೋಡಿಕೊಂಡು ಹೋಗುತ್ತಾರೆ. ಇವೆಲ್ಲ ನಡೆಯುವಂಥದ್ದೇ. ಆದರೆ ಸಾಹೇಬರು ಅದೇ ಊರಿನಲ್ಲಿ ಬಾಡಿಗೆ ಮನೆ ಮಾಡಿ, ಬೆಳಿಗ್ಗೆ ಐದಕ್ಕೆ ಎದ್ದು, ಅದೇ ಕೊಳಾಯಿ ಮುಂದೆ ಎಲ್ಲರ ಹಾಗೆ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತರೆ? ಕ್ರೈಸ್ತರ ಪ್ರಕಾರ ದೇವರು ಮಾಡಿದ್ದು ಅದನ್ನು. ಮೊದಲು ಪ್ರವಾದಿಗಳನ್ನು ಕಳಿಸಿದ, ಆಮೇಲೆ ತಾನೇ ಬಂದು ವಾಸ ಮಾಡಿದ. ಬೈಬಲಿನ ಯೊವಾನ್ನನ ಶುಭಸಂದೇಶದಲ್ಲಿ ಇದನ್ನು ಹೇಳಲು ಬಳಸಿರುವ ಗ್ರೀಕ್ ಪದದ ಅರ್ಥ 'ನಮ್ಮ ನಡುವೆ ಗುಡಾರ ಹಾಕಿದ' ಎಂದು.

ಇದಕ್ಕೆ ಕನ್ನಡದಲ್ಲಿ ಮನುಷ್ಯಾವತಾರ ಎನ್ನುತ್ತಾರೆ. ಅವತಾರ ಎಂದ ಕೂಡಲೇ ನಮಗೆ ದಶಾವತಾರ ನೆನಪಾಗುತ್ತದೆ, ಸಹಜ. ಆ ಹೋಲಿಕೆ ಸ್ವಲ್ಪ ದೂರ ಜೊತೆಗೆ ಬರುತ್ತದೆ, ಆಮೇಲೆ ದಾರಿ ಬೇರೆಯಾಗುತ್ತದೆ. ಕ್ರೈಸ್ತರ ನಂಬಿಕೆಯಲ್ಲಿ ಇದು ಒಂದೇ ಸಲ ಆದದ್ದು. ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ. ಮನುಷ್ಯನ ವೇಷ ಹಾಕಿದ್ದಲ್ಲ. ಹಸಿವಾಯಿತು, ದಣಿವಾಯಿತು, ಅಳು ಬಂತು, ಕೊನೆಗೆ ಸಾವೂ ಬಂತು. ಇದರ ಬಗ್ಗೆ ಶತಮಾನಗಳ ಕಾಲ ವಾದ ನಡೆದು, ಕ್ರಿ.ಶ. 451ರಲ್ಲಿ ಕಾಲ್ಸಿಡಾನ್ ಎಂಬಲ್ಲಿ ಸೇರಿದ ಬಿಷಪ್ಪರ ಮಹಾಸಭೆ ಈ 'ಎರಡೂ ಪೂರ್ತಿ' ಎನ್ನುವ ಮಾತನ್ನು ಗಟ್ಟಿ ಮಾಡಿತು.

ಬೈಬಲಿನಲ್ಲಿ ಏನಿದೆ, ಏನಿಲ್ಲ

ಯೇಸುವಿನ ಜೀವನ ಹೇಳುವ ಶುಭಸಂದೇಶಗಳು ನಾಲ್ಕು. ಕೆಲವರು ಸುವಾರ್ತೆ ಎನ್ನುತ್ತಾರೆ, ಎರಡೂ ಒಂದೇ. ಅದರಲ್ಲಿ ಹುಟ್ಟಿನ ಕತೆ ಇರುವುದು ಎರಡರಲ್ಲಿ ಮಾತ್ರ, ಮತ್ತಾಯ ಮತ್ತು ಲೂಕ. ಇಬ್ಬರೂ ಬೇರೆ ಬೇರೆ ಕಡೆಯಿಂದ ಹೇಳುತ್ತಾರೆ. ನಕ್ಷತ್ರ, ದೂರದಿಂದ ಬಂದ ಜ್ಞಾನಿಗಳು, ಹೆರೋದ ರಾಜನ ಕೋಪ, ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿದ್ದು ಎಲ್ಲ ಮತ್ತಾಯನದು. ಜನಗಣತಿ, ಗೋದಲಿ, ರಾತ್ರಿ ಕುರಿ ಕಾಯುತ್ತಿದ್ದವರು ಲೂಕನವರು. ಚರ್ಚಿನ ನಾಟಕದಲ್ಲಿ ಎರಡನ್ನೂ ಸೇರಿಸಿ ಒಂದೇ ರಾತ್ರಿಗೆ ತುಂಬುತ್ತೇವೆ.

ಲೂಕ ಹೇಳುವುದು ಇಷ್ಟು. ರೋಮಿನ ಚಕ್ರವರ್ತಿ ಔಗುಸ್ತ ಜನಗಣತಿಗೆ ಆಜ್ಞೆ ಮಾಡಿದ. ಎಲ್ಲರೂ ತಮ್ಮ ತಮ್ಮ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕು. ಬಡಗಿ ಜೋಸೆಫ್ ತುಂಬು ಗರ್ಭಿಣಿ ಮರಿಯಳನ್ನು ಕರೆದುಕೊಂಡು ನಜರೇತಿನಿಂದ ಬೆತ್ಲೆಹೇಮಿಗೆ ಹೊರಟ. 100 ಕಿಲೋಮೀಟರಿಗೂ ಜಾಸ್ತಿ ದಾರಿ. ಬೆಂಗಳೂರಿನಿಂದ ನಡೆದುಕೊಂಡು ಮಂಡ್ಯ ದಾಟಿದ ಹಾಗೆ. ಅಲ್ಲಿ ದಿನ ತುಂಬಿತು. ಚೊಚ್ಚಲ ಮಗು ಹುಟ್ಟಿತು. ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು, ಯಾಕೆಂದರೆ ಛತ್ರದಲ್ಲಿ ಅವರಿಗೆ ಜಾಗ ಇರಲಿಲ್ಲ. (ನಮ್ಮ ಕಮಿಟಿಯವರು ಪಾಪ ಬೈಬಲ್ ಓದದೇ ಅದೇ ಮಾತು ಹೇಳಿದ್ದರು!)

ಈ ಛತ್ರ ಎನ್ನುವ ಪದದ ಬಗ್ಗೆ ಪಂಡಿತರಲ್ಲಿ ಚರ್ಚೆ ಇದೆ. ಲೂಕ ಬಳಸಿರುವ ಗ್ರೀಕ್ ಪದಕ್ಕೆ 'ನೆಂಟರಿಗೆ ಬಿಟ್ಟುಕೊಡುವ ಕೋಣೆ' ಎಂಬ ಅರ್ಥವೂ ಇದೆ. ಬೇರೆ ಒಂದು ಕತೆಯಲ್ಲಿ ದುಡ್ಡು ಕೊಟ್ಟು ತಂಗುವ ಛತ್ರದ ಮಾತು ಬಂದಾಗ ಅವನು ಬೇರೆಯೇ ಪದ ಬಳಸುತ್ತಾನೆ. ಹಾಗಾದರೆ ನೆಂಟರ ಮನೆಯೇ ತುಂಬಿಹೋಗಿ, ದನ ಕಟ್ಟುವ ಕಡೆ ಬಾಣಂತನ ಆಯಿತೇನೋ. ನಮ್ಮ ಹಳ್ಳಿ ಮನೆಗಳಲ್ಲಿ ಒಂದೇ ಸೂರಿನ ಕೆಳಗೆ ಒಂದು ಪಕ್ಕ ಜನ, ಒಂದು ಪಕ್ಕ ದನ ಇದ್ದದ್ದನ್ನು ನೋಡಿದವರಿಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ.

ಗೋದಲಿ ಅಂದರೆ ಏನು ಅಂತ ಸಿಟಿ ಮಕ್ಕಳಿಗೆ ಬಿಡಿಸಿ ಹೇಳಬೇಕು. ಕೊಟ್ಟಿಗೆಯಲ್ಲಿ ದನದ ಮುಂದೆ ಹುಲ್ಲು, ಮೇವು ಹಾಕುವ ತೊಟ್ಟಿ. ತೊಟ್ಟಿಲಲ್ಲ, ತೊಟ್ಟಿ. ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂವಿನಲ್ಲಿ 'ರೊಟ್ಟಿಯ ಮನೆ' ಎಂದು ಅರ್ಥ. ರೊಟ್ಟಿಯ ಮನೆ ಎನ್ನುವ ಊರಿನಲ್ಲಿ, ಮೇವಿನ ತೊಟ್ಟಿಯಲ್ಲಿ ಮಗು. ಮುಂದೆ ಇದೇ ಯೇಸು ರೊಟ್ಟಿ ಮುರಿದು "ಇದು ನನ್ನ ಶರೀರ" ಎನ್ನುತ್ತಾನೆ, ಬಲಿಪೂಜೆಯಲ್ಲಿ ಜನ ಅದನ್ನೇ ಪರಮಪ್ರಸಾದವಾಗಿ ತೆಗೆದುಕೊಳ್ಳುತ್ತಾರೆ. ಚರ್ಚಿನ ಹಳೆಯ ಗುರುಗಳು ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ಉಪದೇಶ ಮಾಡುತ್ತಿದ್ದರು. ನನಗೆ ಇಡೀ ಹಬ್ಬದಲ್ಲಿ ತುಂಬಾ ಹಿಡಿಸುವ ವಿಷಯ ಇದು.

ಇನ್ನು ಬೈಬಲಿನ ಹುಟ್ಟಿನ ಕತೆಯಲ್ಲಿ ಇಲ್ಲದವು. ಎತ್ತು ಕತ್ತೆ ಇಲ್ಲ, ಅವು ಹಳೆಯ ಒಡಂಬಡಿಕೆಯಲ್ಲಿ, ಅಂದರೆ ಬೈಬಲಿನಲ್ಲಿ ಯೇಸುವಿಗೆ ಮೊದಲಿನ ಭಾಗದಲ್ಲಿ, ಯೆಶಾಯ ಪ್ರವಾದಿ ಹೇಳಿದ ಒಂದು ಮಾತಿನಿಂದ ಬಂದು ಸೇರಿಕೊಂಡವು. 'ಮೂವರು ರಾಜರು' ಎಂದಿಲ್ಲ. ಹಳೆಯ ಕನ್ನಡ ಬೈಬಲ್ ಆ ಜ್ಞಾನಿಗಳನ್ನು ಚೆಂದವಾಗಿ 'ಜೋಯಿಸರು' ಎನ್ನುತ್ತದೆ, ನಕ್ಷತ್ರ ನೋಡಿ ಬಂದವರಲ್ಲವೇ. ಚಿನ್ನ, ಧೂಪ, ರಕ್ತಬೋಳ ಎಂದು ಮೂರು ಕಾಣಿಕೆ ಇದ್ದದ್ದರಿಂದ ಜನವೂ ಮೂವರೇ ಇರಬೇಕು ಎಂದು ಲೆಕ್ಕ ಹಾಕಿದ್ದಾರೆ ಅಷ್ಟೆ. ಹಿಮವಂತೂ ಇಲ್ಲವೇ ಇಲ್ಲ. ತಾರೀಕೂ ಇಲ್ಲ.

ಹಾಗಾದರೆ ಡಿಸೆಂಬರ್ 25 ಎಲ್ಲಿಂದ ಬಂತು?

ಮೊದಲ ಇನ್ನೂರು ವರ್ಷ ಕ್ರೈಸ್ತರು ಈ ಹಬ್ಬ ಮಾಡಿದ ಕುರುಹೇ ಸಿಗುವುದಿಲ್ಲ. ಅವರಿಗೆ ದೊಡ್ಡದು ಈಸ್ಟರ್, ಅಂದರೆ ಯೇಸು ಸತ್ತು ಎದ್ದು ಬಂದ ಹಬ್ಬ. ಇವತ್ತಿಗೂ ಚರ್ಚಿನ ಲೆಕ್ಕದಲ್ಲಿ ಅದೇ ದೊಡ್ಡದು, ಬಜಾರಿನ ಲೆಕ್ಕ ಬೇರೆ. ಸುಮಾರು 200ನೇ ಇಸವಿಯಲ್ಲಿ ಕೆಲವರು ಯೇಸು ಹುಟ್ಟಿದ್ದು ಮೇ ತಿಂಗಳಲ್ಲಿ ಎಂದೂ ಲೆಕ್ಕ ಹಾಕಿದ್ದರು. ಡಿಸೆಂಬರ್ 25ಕ್ಕೆ ಗಟ್ಟಿ ದಾಖಲೆ ರೋಮಿನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗದಂಥ ಪುಸ್ತಕ. ಅದರೊಳಗಿನ ಪಟ್ಟಿ 336ರದು ಎನ್ನುತ್ತಾರೆ.

ಯಾಕೆ ಆ ದಿನ ಎನ್ನುವುದಕ್ಕೆ ಎರಡು ವಾದ. ಒಂದು, ರೋಮನ್ನರ ಆಗಿನ ಕ್ಯಾಲೆಂಡರಿನಲ್ಲಿ ಡಿಸೆಂಬರ್ 25 ಎಂದರೆ ಹಗಲು ಬೆಳೆಯಲು ಶುರುವಾಗುವ ದಿನ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಉತ್ತರಾಯಣ. 274ರಲ್ಲಿ ಔರೇಲಿಯನ್ ಚಕ್ರವರ್ತಿ ರೋಮಿನಲ್ಲಿ 'ಸೋಲದ ಸೂರ್ಯ'ನಿಗೆ ಗುಡಿ ಕಟ್ಟಿಸಿದ. ಆ ಸೂರ್ಯನ ಹಬ್ಬದ ಜಾಗದಲ್ಲಿ ಕ್ರೈಸ್ತರು ತಮ್ಮ ಹಬ್ಬ ಇಟ್ಟರು ಎನ್ನುವುದು ಇದರ ಸಾರ. ಇನ್ನೊಂದು ವಾದದವರು ಮಾರ್ಚ್ 25ರಿಂದ ಎಣಿಸುತ್ತಾರೆ. ಯೇಸು ತಾಯಿಯ ಗರ್ಭಕ್ಕೆ ಬಂದದ್ದು ಆ ದಿನ ಎಂಬ ನಂಬಿಕೆ ಹಳೆಯದು. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ ನೋಡಿ. ಇತಿಹಾಸಕಾರರು ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ.

ಎಲ್ಲಾ ಕ್ರೈಸ್ತರಿಗೂ 25 ಅಲ್ಲ ಎಂಬುದೂ ಗೊತ್ತಿರಲಿ. ಆರ್ಮೇನಿಯಾದ ಚರ್ಚು ಜನವರಿ 6ಕ್ಕೆ ಮಾಡುತ್ತದೆ. ರಷ್ಯಾದವರು ಹಳೆಯ ಕ್ಯಾಲೆಂಡರ್ ಬಿಡಲಿಲ್ಲ, ಅವರ ಡಿಸೆಂಬರ್ 25 ನಮ್ಮ ಜನವರಿ 7ಕ್ಕೆ ಬೀಳುತ್ತದೆ. ಅಂದರೆ ಹಬ್ಬಕ್ಕೆ ತಾರೀಕು ಮುಖ್ಯವಲ್ಲ, ಹುಟ್ಟಿದ್ದು ಮುಖ್ಯ.

ಹಬ್ಬಕ್ಕೆ ಮೊದಲು ಕಾಯಬೇಕು

ಈ ಭಾಗ ಹೊರಗಿನವರಿಗೆ ಗೊತ್ತೇ ಇರುವುದಿಲ್ಲ. ಮಾಲುಗಳಲ್ಲಿ ದೀಪಾವಳಿ ಸೇಲ್ ಮುಗಿದ ಮಾರನೇ ದಿನವೇ ಕ್ರಿಸ್‌ಮಸ್ ಶುರು. ಚರ್ಚಿನಲ್ಲಿ ಹಾಗಲ್ಲ. ಡಿಸೆಂಬರ್ 24ರ ಸಂಜೆವರೆಗೂ ಅಲ್ಲಿ ಹಬ್ಬ ಬಂದಿರುವುದೇ ಇಲ್ಲ. ಅದಕ್ಕೆ ಮೊದಲು ಇರುವುದು ಆಗಮನ ಕಾಲ. ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುವ ಭಾನುವಾರ ಶುರುವಾಗಿ ನಾಲ್ಕು ಭಾನುವಾರ ನಡೆಯುತ್ತದೆ.

ಈ ದಿನಗಳಲ್ಲಿ ಫಾದರ್ ನೇರಳೆ ಬಣ್ಣದ ಪೂಜಾವಸ್ತ್ರ ಹಾಕುತ್ತಾರೆ. ಅದು ಪಶ್ಚಾತ್ತಾಪದ ಬಣ್ಣ. ಭಾನುವಾರದ ಪೂಜೆಯಲ್ಲಿ ಸಾಮಾನ್ಯವಾಗಿ ಹಾಡುವ 'ಮಹಿಮೆ' ಗೀತೆಯನ್ನು ಹಾಡುವುದಿಲ್ಲ. ಅದು ಬೆತ್ಲೆಹೇಮಿನ ರಾತ್ರಿ ದೇವದೂತರು ಹಾಡಿದ ಮಾತಿನಿಂದ ಶುರುವಾಗುವ ಹಾಡು. ನಾಲ್ಕು ವಾರ ಅದನ್ನು ಹಿಡಿದಿಟ್ಟು 24ರ ರಾತ್ರಿ ಎಲ್ಲಾ ಗಂಟೆ ಬಾರಿಸಿಕೊಂಡು ಒಟ್ಟಿಗೆ ಹಾಡುತ್ತಾರೆ. ಮಧ್ಯೆ ಬೇಕಾದಾಗ ಹಾಡಿದ್ದರೆ ಆ ರಾತ್ರಿಗೆ ಏನು ಉಳಿಯುತ್ತಿತ್ತು? ಮದುವೆ ಮನೆಯಲ್ಲಿ ವಾಲಗದವರು ಮುಹೂರ್ತಕ್ಕೆ ಗಟ್ಟಿಮೇಳ ಹಿಡಿದಿಟ್ಟುಕೊಂಡ ಹಾಗೆ. ಜನ ಪಾಪನಿವೇದನೆ ಮಾಡುತ್ತಾರೆ, ಮುನಿಸಿಕೊಂಡ ನೆಂಟರ ಜೊತೆ ರಾಜಿ ಮಾಡಿಕೊಳ್ಳಿ ಎಂದು ಉಪದೇಶ ಕೇಳುತ್ತಾರೆ. (ಎಲ್ಲರೂ ಮಾಡಿಕೊಳ್ಳುತ್ತಾರೆ ಅಂತ ನಾನು ಹೇಳಲಾರೆ.)

ಚರ್ಚಿನಲ್ಲಿ ಹಸಿರೆಲೆಯ ಒಂದು ಚಕ್ರ ಇಟ್ಟು ಅದರಲ್ಲಿ ನಾಲ್ಕು ಮೇಣದಬತ್ತಿ ನಿಲ್ಲಿಸಿರುತ್ತಾರೆ, ನೋಡಿರಬಹುದು. ವಾರಕ್ಕೊಂದು ಹೆಚ್ಚಿಗೆ ಹಚ್ಚುತ್ತಾ ಹೋಗುತ್ತಾರೆ. ಅದರ ಕತೆ 1839ರ ಜರ್ಮನಿಯದು. ಹ್ಯಾಂಬರ್ಗ್ ನಗರದಲ್ಲಿ ಯೊಹಾನ್ ಹಿನ್ರಿಕ್ ವಿಖೆರ್ನ್ ಎಂಬ ಪಾದ್ರಿ ಬಡ ಮಕ್ಕಳಿಗೆ ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್ ಯಾವಾಗ, ಯಾವಾಗ ಎಂದು ಮಕ್ಕಳದು ಒಂದೇ ಪ್ರಶ್ನೆ. ಅವರು ಒಂದು ಹಳೆಯ ಗಾಡಿ ಚಕ್ರ ತೆಗೆದುಕೊಂಡು ವಾರದ ದಿನಕ್ಕೊಂದು ಚಿಕ್ಕ ಕೆಂಪು ಬತ್ತಿ, ಭಾನುವಾರಕ್ಕೊಂದು ದೊಡ್ಡ ಬಿಳಿ ಬತ್ತಿ ನಿಲ್ಲಿಸಿದರು. ದಿನಾ ಒಂದೊಂದು ಹೆಚ್ಚಿಗೆ ಹಚ್ಚಿದರು. ಕಾಯುವುದು ಮಕ್ಕಳ ಕಣ್ಣಿಗೆ ಕಾಣುವ ಹಾಗಾಯಿತು.

ಕ್ರಿಸ್‌ಮಸ್ಸಿನ ಅರ್ಥ ಉಳಿಯಬೇಕು ಎನ್ನುವವರು ಮೊದಲು ಹಿಡಿದುಕೊಳ್ಳಬೇಕಾದದ್ದು ಈ ನಾಲ್ಕು ವಾರವನ್ನು ಎಂಬುದು ನನ್ನ ಅನಿಸಿಕೆ. ಕಾಯದೇ ಬಂದ ಹಬ್ಬ ಬರೀ ರಜೆ.

ಗೋದಲಿಯನ್ನು ಮೊದಲು ಕಟ್ಟಿದ್ದು ಯಾರು?

1223ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಊರು. ಅಸ್ಸೀಸಿಯ ಸಂತ ಫ್ರಾನ್ಸಿಸ್ ಅಲ್ಲಿನ ತನ್ನ ಗೆಳೆಯನೊಬ್ಬನಿಗೆ ಹೇಳಿ ಗುಹೆಯೊಂದರಲ್ಲಿ ಗೋದಲಿ ಇಡಿಸಿದ. ಹುಲ್ಲು ತರಿಸಿದ. ನಿಜವಾದ ಎತ್ತು, ನಿಜವಾದ ಕತ್ತೆ ಕಟ್ಟಿಸಿದ. ಮಗು ಎಂಥ ಬಡತನದಲ್ಲಿ ಹುಟ್ಟಿತು ಎಂಬುದನ್ನು ಕಣ್ಣಾರೆ ನೋಡಬೇಕು ಎಂಬುದು ಅವನ ಆಸೆ. ಸುತ್ತಮುತ್ತಲಿನ ಹಳ್ಳಿಯವರು ಪಂಜು ಹಿಡಿದುಕೊಂಡು ಬಂದರು. ಆ ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ಮೂರು ವರ್ಷಕ್ಕೆ ಫ್ರಾನ್ಸಿಸ್ ತೀರಿಕೊಂಡ, ಪದ್ಧತಿ ಉಳಿಯಿತು.

ಯಾಕೆ ಬೇಕಿತ್ತು ಅದು? ಆಗ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್ ಭಾಷೆಯಲ್ಲಿ, ಸಾಮಾನ್ಯ ಜನಕ್ಕೆ ಅರ್ಥವಾಗುತ್ತಿರಲಿಲ್ಲ. ನಮ್ಮಲ್ಲೂ ಹಾಗೇ ಇತ್ತು. 1962ರಿಂದ 1965ರವರೆಗೆ ನಡೆದ ವ್ಯಾಟಿಕನ್ ಮಹಾಸಭೆ ಆದಮೇಲೆಯೇ ಬಲಿಪೂಜೆ ಕನ್ನಡಕ್ಕೆ ಬಂದದ್ದು. ನನ್ನಜ್ಜಿಗೆ ಪೂಜೆಯ ಒಂದು ಪದವೂ ತಿಳಿಯುತ್ತಿರಲಿಲ್ಲವಂತೆ, ಆದರೆ ಗೋದಲಿ ತಿಳಿಯುತ್ತಿತ್ತು. ಅವಳ ಮನೆಯಲ್ಲೇ ಒಂದಿತ್ತಲ್ಲ.

ಆಗ ಊರಿನಲ್ಲಿ ಗೋದಲಿ ಕಟ್ಟುವುದೆಂದರೆ ವಾರದ ಕೆಲಸ. ಪೆಟ್ಟಿಗೆಗಳನ್ನು ಪೇರಿಸಿ, ಗೋಣಿಚೀಲಕ್ಕೆ ಮಣ್ಣು ಕಲಸಿ ಬಳಿದು ಬೆಟ್ಟ ಮಾಡುವುದು. ಹದಿನೈದು ದಿನ ಮೊದಲೇ ರಾಗಿ ಚೆಲ್ಲಿ ಪೈರು ಬರಿಸಿ ಅದನ್ನು ಗದ್ದೆ ಎಂದು ಇಡುವುದು. ಕನ್ನಡಿ ಚೂರು ಇಟ್ಟರೆ ಕೆರೆ. ಬೆತ್ಲೆಹೇಮಿನಲ್ಲಿ ರಾಗಿ ಹೊಲ ಇತ್ತಾ ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲಾ ಬೊಂಬೆ ಇಟ್ಟರೂ ನಡುವಿನ ಹುಲ್ಲು ಖಾಲಿ. ಮಗುವಿನ ಬೊಂಬೆಯನ್ನು 24ರ ನಡುರಾತ್ರಿ ಪೂಜೆಯಲ್ಲಿ ಫಾದರ್ ಮೆರವಣಿಗೆಯಲ್ಲಿ ತಂದು ಮಲಗಿಸುತ್ತಾರೆ. ಅಲ್ಲಿವರೆಗೆ ಮಕ್ಕಳು ಅದೊಂದು ಖಾಲಿ ಜಾಗವನ್ನೇ ನೋಡುತ್ತಿರುತ್ತಾರೆ.

ಈಗ ಸಾಂತಾ ವಿಷಯ

ಸಾಂತಾ ಕ್ಲಾಸ್ ಸುಳ್ಳು ಮನುಷ್ಯನಲ್ಲ, ಅವನ ಹಿಂದೆ ಒಬ್ಬರು ನಿಜವಾಗಿ ಇದ್ದರು. ನಿಕೊಲಾಸ್, ನಾಲ್ಕನೇ ಶತಮಾನದಲ್ಲಿ ಇಂದಿನ ಟರ್ಕಿಯ ದಕ್ಷಿಣ ಕರಾವಳಿಯ ಮೈರಾ ಎಂಬ ಊರಿನ ಬಿಷಪ್. ಹಿಮವಿಲ್ಲ, ಜಿಂಕೆಯಿಲ್ಲ, ಸಮುದ್ರ ಇತ್ತು. ಅವರ ಬಗ್ಗೆ ತುಂಬಾ ಪ್ರಸಿದ್ಧವಾದ ಕತೆ ಒಂದಿದೆ. ಒಬ್ಬ ಬಡವನಿಗೆ ಮೂವರು ಹೆಣ್ಣುಮಕ್ಕಳು, ವರದಕ್ಷಿಣೆಗೆ ದುಡ್ಡಿಲ್ಲ, ಮದುವೆಯಾಗದಿದ್ದರೆ ಅವರು ಕೆಟ್ಟ ದಾರಿ ಹಿಡಿಯಬೇಕಾದ ಸ್ಥಿತಿ. ನಿಕೊಲಾಸ್ ರಾತ್ರಿ ಹೊತ್ತು ಯಾರಿಗೂ ಕಾಣದ ಹಾಗೆ ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದರಂತೆ. ಈ ಕತೆ ನಮಗೆ ಬಿಡಿಸಿ ಹೇಳಬೇಕಾ?

ಅವರ ಹಬ್ಬ ಡಿಸೆಂಬರ್ 6. ಡಚ್ಚರು ಅವರನ್ನು 'ಸಿಂಟರ್‌ಕ್ಲಾಸ್' ಎಂದು ಕರೆಯುತ್ತಿದ್ದರು. ಆ ಡಚ್ಚರು ಅಮೆರಿಕಕ್ಕೆ ಹೋದಾಗ ಹೆಸರೂ ಜೊತೆಗೆ ಹೋಗಿ ಬಾಯಿಂದ ಬಾಯಿಗೆ ಸಾಂತಾ ಕ್ಲಾಸ್ ಆಯಿತು. 19ನೇ ಶತಮಾನದಲ್ಲಿ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ಅವನಿಗೆ ದಪ್ಪ ಹೊಟ್ಟೆ, ಗಡ್ಡ ಬರೆದ. ಕೋಕಾ ಕೋಲಾ ಕಂಪನಿ 1931ರಿಂದ ಜಾಹೀರಾತಿನಲ್ಲಿ ಹಾಕಿ ಲೋಕಕ್ಕೆಲ್ಲ ಹಂಚಿತು. ಕೆಂಪು ಬಟ್ಟೆ ಕೊಟ್ಟದ್ದೇ ಕೋಕಾ ಕೋಲಾ ಎನ್ನುವುದು ಮಾತ್ರ ತಪ್ಪು, ಅದು ಮೊದಲೇ ಇತ್ತು. ದಾರಿಯಲ್ಲಿ ಕಳೆದುಹೋದದ್ದು ಬಿಷಪ್ಪರ ಟೋಪಿ, ದಂಡ, ಶಿಲುಬೆ.

ಸಾಂತಾ ಎಂದರೆ ಸಂತ ಎಂದೇ ಅರ್ಥ. ಕನ್ನಡದ ಸಂತ ಪದಕ್ಕೂ ಅದಕ್ಕೂ ಬೇರು ಬೇರೆ, ಆದರೂ ಕಿವಿಗೆ ಎಷ್ಟು ಸರಿ ಕೂತಿದೆ ನೋಡಿ. ಹಾಗಾಗಿ ಹುಡುಗಿಗೆ ನಾನು ಕೊಟ್ಟ ಉತ್ತರ, "ತಾತ ಅಲ್ಲ ಪುಟ್ಟ, ಭಕ್ತ." ಒಂದು ನಿಮಿಷ ಯೋಚಿಸಿ, "ಹಂಗಾದ್ರೆ ದೇವರನ್ನ ಯಾಕೆ ತಂದಿಲ್ಲ?" ಎಂದಳು.

ಮರ, ನಕ್ಷತ್ರ, ಕುಸ್ವಾರ್

ಇವನ್ನು ಬೇಗ ಮುಗಿಸುತ್ತೇನೆ. ಮರ 16ನೇ ಶತಮಾನದ ಜರ್ಮನಿಯ ಕಡೆಯಿಂದ ಬಂದದ್ದು. ಎಲ್ಲಾ ಮರ ಎಲೆ ಉದುರಿಸುವ ಚಳಿಯಲ್ಲೂ ಹಸಿರಾಗಿರುವುದರಿಂದ ಅದನ್ನು ಸಾಯದ ಜೀವದ ಗುರುತು ಎನ್ನುತ್ತಾರೆ. 1848ರಲ್ಲಿ ವಿಕ್ಟೋರಿಯಾ ರಾಣಿಯ ಮನೆಯವರು ಮರದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಬಂದಮೇಲೆ ಇಂಗ್ಲಿಷರಿಗೂ ಹುಚ್ಚು ಹಿಡಿಯಿತು. ಮನೆ ಮುಂದೆ ತೂಗುವ ನಕ್ಷತ್ರ ಜೋಯಿಸರಿಗೆ ದಾರಿ ತೋರಿದ್ದು. ಮಂಗಳೂರು ಕಡೆಯ ಕ್ಯಾಥೊಲಿಕರ ಮನೆಯಲ್ಲಿ ಕುಸ್ವಾರ್ ಮಾಡುತ್ತಾರೆ. ಕಿಡಿಯೊ, ಗುಳಿಯೊ, ನೇವ್ರಿ, ಚಕ್ಕುಲಿ ಹೀಗೆ ಒಂದು ತಟ್ಟೆ ತುಂಬ ಬಗೆಬಗೆಯ ತಿಂಡಿ. ಅದರಲ್ಲಿ ನೋಡಬೇಕಾದದ್ದು ರುಚಿ ಒಂದನ್ನೇ ಅಲ್ಲ. ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೆಲ್ಲ ತಟ್ಟೆ ಹೋಗಲೇಬೇಕು. ಹಂಚದೆ ಡಬ್ಬದಲ್ಲಿಟ್ಟುಕೊಂಡರೆ ಅದು ತಿಂಡಿ, ಕುಸ್ವಾರ್ ಅಲ್ಲ.

ಈ ಚಿಂತೆ ಹೊಸದೂ ಅಲ್ಲ

ಹಬ್ಬದ ಅರ್ಥ ಹಾಳಾಯಿತು ಎನ್ನುವ ಗೊಣಗಾಟ ಮಾಲುಗಳು ಹುಟ್ಟುವುದಕ್ಕೆ ಎಷ್ಟೋ ಮೊದಲಿನದು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತರಿದ್ದರು. ಕುಡಿತ, ಜೂಜು, ಕುಣಿತ ನೋಡಿ ಅವರಿಗೆ ರೋಸಿಹೋಗಿತ್ತು. ಬೈಬಲಿನಲ್ಲಿ ಈ ಹಬ್ಬ ಮಾಡಿ ಅಂತ ಎಲ್ಲೂ ಇಲ್ಲವಲ್ಲ ಎಂಬುದೂ ಸೇರಿಕೊಂಡು, 1647ರಲ್ಲಿ ಪಾರ್ಲಿಮೆಂಟು ಕ್ರಿಸ್‌ಮಸ್ಸನ್ನೇ ರದ್ದು ಮಾಡಿತು! ಕೆಲವು ಊರುಗಳಲ್ಲಿ ಗಲಾಟೆಯೇ ಆಯಿತು. ಆ ನಡುವೆ ರಾಜನ ಆಳ್ವಿಕೆಯೇ ನಿಂತುಹೋಗಿತ್ತು, 1660ರಲ್ಲಿ ರಾಜ ಮರಳಿ ಬಂದಮೇಲೆ ಹಬ್ಬವೂ ಮರಳಿತು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ. ಇವತ್ತೂ ಕೆಲವು ಪಂಗಡಗಳ ಕ್ರೈಸ್ತರು ಇದೇ ಕಾರಣಕ್ಕೆ ಕ್ರಿಸ್‌ಮಸ್ ಮಾಡುವುದಿಲ್ಲ. ನಿಮ್ಮ ಪರಿಚಯದ ಯಾರಾದರೂ ಹಾಗಿದ್ದರೆ ಗಾಬರಿಯಾಗಬೇಡಿ, ಅವರ ನಂಬಿಕೆ ಅದು.

ಉಳಿದವರು ಹಬ್ಬ ಬಿಡಲಿಲ್ಲ, ಅದರೊಳಗೆ ಕ್ರಮ ಹುಡುಕಿಕೊಂಡರು. ನಾನು ನೋಡಿದ ಮನೆಗಳಲ್ಲಿ ಆ ಕ್ರಮ ದೊಡ್ಡದೇನಲ್ಲ. ಊಟಕ್ಕೆ ಮೊದಲು ಮನೆಯ ಚಿಕ್ಕವರ ಕೈಯಲ್ಲಿ ಲೂಕನ ಎರಡನೇ ಅಧ್ಯಾಯ ಓದಿಸುತ್ತಾರೆ, ತಡವರಿಸಿದರೂ ಪರವಾಗಿಲ್ಲ. ಪೂಜೆ ಆಗುವವರೆಗೆ ಕೇಕಿಗೆ ಚಾಕು ಹಾಕುವುದಿಲ್ಲ. ಕ್ಯಾರಲ್ ಹಾಡುತ್ತಾ ಮನೆ ಮನೆಗೆ ಹೋದಾಗ ಸಿಕ್ಕ ದುಡ್ಡನ್ನು ಆಸ್ಪತ್ರೆಯಲ್ಲಿರುವ ಯಾರಿಗೋ, ಫೀಸು ಕಟ್ಟಲಾಗದ ಮಕ್ಕಳಿಗೋ ಎತ್ತಿಡುತ್ತಾರೆ. ಹೊಸ ಬಟ್ಟೆ ತೆಗೆಯುವಾಗ ಮನೆಕೆಲಸದವರ ಮಕ್ಕಳಿಗೂ ಒಂದು ಜೊತೆ ಸೇರಿಸುತ್ತಾರೆ. ಜಾಗವಿಲ್ಲ ಎಂದು ಹೇಳಿಸಿಕೊಂಡವನ ಹಬ್ಬ ಅಲ್ವಾ, ಆ ದಿನ ಯಾರಿಗೂ ಆ ಮಾತು ಹೇಳಬಾರದು ಅಂತ ನಮ್ಮಮ್ಮನ ಲೆಕ್ಕ. ಊಟಕ್ಕೆ ಒಂದು ಎಲೆ ಜಾಸ್ತಿಯೇ ಹಾಕುತ್ತಿದ್ದಳು.

25ಕ್ಕೆ ಮುಗಿಯುವುದಿಲ್ಲ

ಅಂಗಡಿಗಳಲ್ಲಿ 26ರ ಬೆಳಿಗ್ಗೆ ಮರ ಇಳಿಸಿ ಹೊಸ ವರ್ಷದ ಬ್ಯಾನರ್ ಕಟ್ಟುತ್ತಾರೆ. ಚರ್ಚಿನಲ್ಲಿ ಆಗಷ್ಟೇ ಶುರು. 26 ಮೊದಲ ಹುತಾತ್ಮ ಸ್ತೇಫನನ ದಿನ. 28 ಯೇಸುವನ್ನು ಮುಗಿಸಲು ಹೆರೋದ ಕೊಲ್ಲಿಸಿದ ಹಸುಗೂಸುಗಳ ನೆನಪು. ಖುಷಿಯ ನಡುವೆ ಇಂಥ ದಿನಗಳನ್ನು ಯಾಕಿಟ್ಟರು ಎಂದು ಚಿಕ್ಕಂದಿನಲ್ಲಿ ಅನ್ನಿಸುತ್ತಿತ್ತು. ಆ ಮಗು ಹುಟ್ಟಿದ್ದು ಇಂಥ ಲೋಕದಲ್ಲೇ ಎಂಬುದನ್ನು ಮುಚ್ಚಿಡಬಾರದು ಅಂತ ಇರಬೇಕು. ಹನ್ನೆರಡು ದಿನ ಕಳೆದು ಜನವರಿ 6ಕ್ಕೆ ಜೋಯಿಸರು ಬಂದ ಹಬ್ಬ. ನೀವು 27ಕ್ಕೋ 30ಕ್ಕೋ ಕ್ರಿಸ್‌ಮಸ್ ಶುಭಾಶಯ ಹೇಳಿದರೆ ತಡವೇನೂ ಆಗಿಲ್ಲ, ಧಾರಾಳವಾಗಿ ಹೇಳಿ.

ನಮ್ಮ ಮನೆಯಲ್ಲಿ ಜೋಯಿಸರ ಬೊಂಬೆಗಳನ್ನು 25ಕ್ಕೇ ಗೋದಲಿಯಲ್ಲಿ ಇಡುವುದಿಲ್ಲ. ಮನೆಯ ದೂರದ ಮೂಲೆಯಲ್ಲಿಟ್ಟು ದಿನಾ ಸ್ವಲ್ಪ ಸ್ವಲ್ಪ ಮುಂದಕ್ಕೆ ಸರಿಸುತ್ತೇವೆ. ಹೋದ ವರ್ಷ ಆ ಕೆಲಸ ಪಕ್ಕದ ಮನೆಯ ಹುಡುಗಿಯದು. ದಿನಾ ಸ್ಕೂಲಿನಿಂದ ಬಂದವಳೇ ಬ್ಯಾಗ್ ಬಾಗಿಲಲ್ಲಿ ಎಸೆದು ಒಳಗೆ ಓಡಿ ಬರುತ್ತಿದ್ದಳು. ಫ್ರಿಜ್ ಮೇಲಿಂದ ಹೊರಟವರು ಮೂರನೇ ದಿನ ಮಿಕ್ಸಿ ಪಕ್ಕ, ಹೊಸ ವರ್ಷಕ್ಕೆ ಶೂ ಸ್ಟ್ಯಾಂಡು. ಜನವರಿ 5ರ ಸಂಜೆ ಟಿವಿ ಕೆಳಗೆ ಬಂದಾಗ ಮೂವರ ಜೊತೆ ನಾಲ್ಕನೆಯವನೂ ಇದ್ದ. ಕಾರ್ಯಕ್ರಮದಲ್ಲಿ ಅವಳಿಗೆ ಸಿಕ್ಕಿದ್ದ ಪ್ಲಾಸ್ಟಿಕ್ ಸಾಂತಾ.

"ಇವನೂ ದೇವರನ್ನ ನೋಡ್ಬೇಕಂತೆ ಅಂಕಲ್" ಎಂದಳು.